ನಾಳೆ ಏಳೂವರೆಗೆ

ಬಿಂದುಶ್ರೀ, ಮೂಗುತಿ ಬಿಚ್ಚು. ಬರದಿದ್ರೆ ಎಣ್ಣೆ ಹಚ್ಚು.
ಬಳೆ, ಕಾಲುಂಗುರ ಈ ಕರ್ಚೀಫಲ್ಲಿ ಗಂಟು ಹಾಕ್ಕೊಡು.
ತಾಳಿ ಬಿಚ್ಚಕ್ಕೆ ನಿಮ್ಮತ್ತೆ ಮುಖ ನೋಡ್ಬೇಡ,
ನಂದನ್ನೂ ಆವತ್ತು ಬಿಚ್ಚಿಸಿದ್ರು,
ನಿಮ್ಮಣ್ಣ ಇನ್ನೂ ಗುಂಡುಕಲ್ಲಂಗವ್ರೆ.

ಹತ್ತರ ಮ್ಯಾಲೆ ಒಂದು ಗುಟುಕು ನೀರೂ ಇಲ್ಲ.
ಕಿಟಕಿ ಆಚೆ ಕಬ್ಬಿನ ಟ್ರಾಕ್ಟರು
ಒಂದರ ಹಿಂದೊಂದು ಫ್ಯಾಕ್ಟ್ರಿ ಕಡೆ ಹೋಯ್ತವೆ, ಎಣಿಸ್ತಾ ಮಲಗು.
ನಾನು ನಲವತ್ತೊಂದರ ತಂಕ ಎಣಿಸಿದ್ದೆ.

ಬೆಳಗ್ಗೆ ಕೆಂಪಾಜಮ್ಮ ಬ್ಲೇಡು ಹಿಡ್ಕೊಂಡು ಬತ್ತಾರೆ.
ನಾಚ್ಕೋಬೇಡ. ಮೊಮ್ಮಗಳ ಪಿಯುಸಿ ಮಾರ್ಕ್ಸು
ಹೇಳ್ತಾ ಹೇಳ್ತಾನೇ ಮುಗಿಸ್ಬುಡ್ತಾರೆ.
ಉಚ್ಚೆ ಪೈಪು ಮಾತ್ರ ವಸಿ ಉರೀತದೆ, ಸುಳ್ಳು ಹೇಳಕಿಲ್ಲ.

ಒಳಗೆ ಚಳಿ.
ಫ್ರಿಜ್ಜಲ್ಲಿ ಸೊಪ್ಪಿನ ಕಟ್ಟು ಮಡಗ್ದಂಗೆ ನಿನ್ನ ಮಡಗ್ತಾರೆ.
ಬೆನ್ನು ಬಗ್ಗಿಸು ಅಂತಾರೆ. ಆ ಹೊಟ್ಟೆ ಹೊತ್ಕೊಂಡು ಹೆಂಗೆ ಬಗ್ಗೋದು?
ನಾಟಿ ಹಾಕೋವಾಗ ಬಗ್ತೀವಲ್ಲ, ಅದನ್ನ ನೆನಸ್ಕೋ.
ಸೂಜಿ ಒಂದು ಕಟ್ಟಿರುವೆ.
ಆಮೇಲೆ ಬಿಸಿನೀರು ಸೊಂಟದಿಂದ ಪಾದಕ್ಕೆ ಇಳಿದಂಗಾಯ್ತದೆ,
ಕಾಲು ನಿಂದಲ್ಲ ಇನ್ನ,
ಯಾರೋ ಇಳಿಸಿ ಹೋದ ಎರಡು ಮೂಟೆ ಭತ್ತ.

ಎದೆ ಮುಂದೆ ಹಸಿರು ಬಟ್ಟೆ ಅಡ್ಡ ಕಟ್ತಾರೆ.
ನೋವಿಲ್ಲ ಅಂತಾರಲ್ಲ, ದಿಟ.
ಏನೂ ಗೊತ್ತಾಗಕಿಲ್ಲ ಅಂತಾರಲ್ಲ, ಅದು ಸುಳ್ಳು.
ಎಳೀತಾರೆ, ಒತ್ತುತ್ತಾರೆ,
ತುಂಬಿದ ಬೀರುವಿನ ತಳದಿಂದ ಪಾತ್ರೆ ತೆಗೆಯಕ್ಕೆ
ಯಾರೋ ಮೊಣಕೈ ತಂಕ ಕೈ ಹಾಕ್ದಂಗೆ.
ಸುಟ್ಟ ವಾಸನೆ ಬಂದ್ರೆ ಗಾಬರಿ ಬೇಡ, ಅದು ರಕ್ತ ನಿಲ್ಸೋ ಕೆಲ್ಸ.
ಹಲ್ಲು ಕಟಕಟ ಅಂದ್ರೆ ಅನ್ನಲಿ.

ನಂಗೆ ಕೊಯ್ಯೋವಾಗ ಸಿಸ್ಟರಿಬ್ರು
ಸೊಗಡವರೆ ಕೇಜಿ ಎಷ್ಟಾಯ್ತು ಅಂತ ಮಾತಾಡ್ತಿದ್ರು.
ಮೊದಲು ಸಿಟ್ಟು ಬಂತು.
ಆಮೇಲೆ ಅನ್ನಿಸ್ತು, ಹಿತಕವರೆ ಸಾರಿನ ಯೋಚ್ನೇಲವ್ರೆ ಇವ್ರು,
ಹಂಗಾರೆ ನಾನು ಸಾಯಕಿಲ್ಲ.

ಅಳು ತಕ್ಷಣ ಕೇಳ್ದಿದ್ರೂ ಉಸಿರು ಕಟ್ಕೋಬೇಡ.
ನನ್ನ ಮಗ ಹನ್ನೊಂದು ಎಣಿಸೋ ತಂಕ ಅಳಲಿಲ್ಲ.
ಆ ಹನ್ನೊಂದು ಇವತ್ತಿಗೂ ನನ್ ಹತ್ರ ಅವೆ,
ಯಾರ ಕೈಗೂ ಕೊಟ್ಟಿಲ್ಲ.

ಕೆನ್ನೆಗೆ ತಾಗಿಸ್ತಾರೆ ಒಂದು ಗಳಿಗೆ. ಬಿಸಿ. ಅಂಟಂಟು.
ಪ್ರೀತಿ ಉಕ್ಕದಿದ್ರೆ ನಿಂದೇನೂ ತಪ್ಪಲ್ಲ ಕಣೆ,
ನಂಗೆ ನಿದ್ದೆ ಬಂದಿತ್ತು.
ಪ್ರೀತಿ ಮೂರನೇ ದಿನ ಬಂತು, ಹಾಲಿನ ಹಿಂದೆ.

ಅಷ್ಟರೊಳಗೆ ಡಾಕ್ಟ್ರಮ್ಮ ಬಂದು
ಗ್ಯಾಸ್ ಹೋಯ್ತಾ, ಗ್ಯಾಸ್ ಹೋಯ್ತಾ ಅಂತ
ಇಡೀ ವಾರ್ಡಿಗೆ ಕೇಳಂಗೆ ಕೇಳ್ತಾರೆ.
ಹೋದಾಗ ಹೇಳ್ಬುಡು, ಇಡ್ಲಿ ಸಿಗ್ತದೆ.
ಕೆಮ್ಮು ಬಂದ್ರೆ ದಿಂಬು ಒತ್ಕೋ. ನಗಿಸೋರ್ನ ಹತ್ರ ಬುಡಬೇಡ.
ಮೊದಲ ಸಲ ಎದ್ದು ನಿಂತಾಗ
ಕರುಳೆಲ್ಲ ನೆಲಕ್ಕೆ ಬೀಳ್ತವೆ ಅನ್ನಿಸ್ತದೆ. ಬೀಳಕಿಲ್ಲ.
ಕಕ್ಕಸ್ಸಿನ ಬಾಗಿಲು ಆವತ್ತು ಮೈಸೂರಷ್ಟು ದೂರ.

ನೋಡಕ್ಕೆ ಬಂದೋರು ಕೇಳ್ತಾರೆ, ನಾರ್ಮಲ್ ಆಗ್ಲಿಲ್ವಾ?
ಕೂಸು ಅಡ್ಡಡ್ಡ ಮಲಗಿತ್ತು ಅಂತ ಹೇಳ್ಲೂಬೇಡ.
ಸುಮ್ನಿರು. ಕೊಬ್ರಿ ಮಿಠಾಯಿ ಅವ್ರ ಬಾಯಿಗೆ ತುರುಕು.

ಏನು, ಗಾಯ ನೋಡ್ಬೇಕಾ? ಬಾಗಿಲು ಚಿಲಕ ಹಾಕು.
ಇಲ್ಲಿ. ಮುಟ್ಟು, ಪರವಾಗಿಲ್ಲ.
ಆರು ವರ್ಷ ಆಯ್ತು, ಈ ಗೆರೆ ಮೇಲೆ ಮುಟ್ಟಿದ್ರೆ
ನಂಗೆ ಏನೂ ಗೊತ್ತಾಗಕಿಲ್ಲ.
ನಿನ್ ಬೆರಳು ಇಷ್ಟು ತಣ್ಣಗವೆ ಅಂತ
ಪಕ್ಕದ ಚರ್ಮ ಹೇಳ್ತದೆ.

ಇಕಾ, ನೀರು ಕುಡಿ.
ಹತ್ತಕ್ಕೆ ಇನ್ನೂ ಕಾಲು ಗಂಟೆ ಅದೆ.