ಟರ್ನ್‌ಅರೌಂಡ್

ಸಿಂಧನೂರು ಡಿಪೋದಾಗ ಲೆಕ್ಕ ಕೊಟ್ಟು ಬರೋದ್ರಾಗ ಒಂಬತ್ತೂವರೆ.
ಹದಿನಾಲ್ಕು ರೂಪಾಯಿ ಕಮ್ಮಿ ಬಿದ್ದಿತ್ತು, ಕೈಯಿಂದ ಹಾಕಿದೆ.
ಅಂಬಿಕಾ ಬಾಗಿಲದಾಗೇ ನಿಂತಾಳ,
ಜೆರಾಕ್ಸ್ ಹಾಳಿ ನನ್ನ ಕೈಯಾಗ ತುರುಕಿ:
ಯವ್ವಾ, ನೀ ಕೇಳು, ನಾ ಹೇಳ್ತೀನಿ,
ನಾಳೆ ರಾಯಚೂರಾಗ ಟೆಸ್ಟ್.

ನಾನು ಟಿಕೆಟ್ ಮಷಿನ್ ಓದಾಕಿ.
ಈ ಹಾಳಿ ಮ್ಯಾಲಿನ ಇಂಗ್ಲಿಷು
ಕೂಡಿಸಿ ಕೂಡಿಸಿ ಓದಬೇಕು, ಚಿಲ್ಲರೆ ಎಣಿಸಿದಂಗ.

ಗ್ಯಾಲಿ?
ವಿಮಾನದ ಅಡಿಗಿಮನಿ.
ಜಂಪ್ ಸೀಟ್?
ನಮ್ಮಂಥೋರು ಕೂಡೋ ಕುರ್ಚಿ, ಬಾಗಿಲ ಬಾಜೂಕ,
ಎದ್ದ ಕೂಡ್ಲೇ ತಾನೇ ಮಡಚಿಕೊಳ್ತೈತಿ.
ನಮ್ಮಂಥೋರು ಅಂದ್ಲು. ಇನ್ನೂ ಟೆಸ್ಟೇ ಬರ್ದಿಲ್ಲ.
ನಾ ಏನೂ ಅನಲಿಲ್ಲ.
ನನ್ನ ಕುರ್ಚಿ ಮಡಚಂಗಿಲ್ಲ,
ಅದರಾಗ ಯಾವಾಗ್ಲೂ ಯಾರೋ ಮುದುಕಿ ಕುಂತಿರ್ತಾಳ.

ಟ್ರಿಮ್?
ತೂಕ ಹಿಂದಕ್ಕ ಬಿದ್ರ ಮೂಗು ಏಳ್ತೈತಿ,
ಮಂದಿನ್ನ ಮುಂದಕ್ಕ ಕೂಡಿಸಬೇಕು.
ಪಾಟಾ ಕುಂದ್ರತೈತಿ, ಮುಂದ ಸರೀರಿ ಅಂತ
ಹುಸೇನಪ್ಪ ಸ್ಟೀರಿಂಗ್ ಹಿಡಕೊಂಡು ದಿನಾ ಒದರ್ತಾನ.
ಅದಕ್ಕೊಂದು ಹೆಸರೈತಿ ಅಂತ ಆತಗೂ ಗೊತ್ತಿಲ್ಲ.

ಯು.ಎಂ.?
ದೊಡ್ಡೋರಿಲ್ಲದ ಹೋಗೋ ಸಣ್ಣ ಕೂಸು.
ಕೊಳ್ಳಾಗ ಚೀಟಿ ಹಾಕಿ,
ಸಹಿ ತಗೊಂಡು ಕೈಯಿಂದ ಕೈಗೆ ಕೊಡೋದು.
ಸಹಿ ಯಾರು ಕೇಳ್ಯಾರ! ಹೋದ ವಾರ
ಮಸ್ಕಿಯಾಗ ಒಂದು ಹುಡುಗನ್ನ ಹತ್ತಿಸಿ ಅವರಜ್ಜಿ,
ಲಿಂಗಸುಗೂರಾಗ ಇವರ ಮಾಮ ಕೆಂಪು ಟವೆಲ್ ಹಾಕ್ಕೊಂಡಿರ್ತಾನ ಅಂದ್ಲು.
ಸ್ಟ್ಯಾಂಡಿನಾಗ ಕೆಂಪು ಟವೆಲ್ ನಾಲ್ಕಿದ್ವು.
ಹುಡುಗ ತಾನೇ ಓಡಿದ, ಸರಿಯಾದ್ದರ ಕಡೆ.

ಡಿಚಿಂಗ್?
ನೀರಿನ ಮ್ಯಾಲ ಇಳಿಸೋದು,
ಗಡಬಡಿಸಿ ಹೇಳಿ, ಮುಂದಿನದು ಕೇಳು ಅಂದ್ಲು.
ಇಬ್ಬರಿಗೂ ಕೆನಾಲ್ ನೆನಪಾತು,
ಏರಿ ಮ್ಯಾಲಿನ ಆ ತಿರುವು.
ಮುಂದಿನದು ಕೇಳಿದೆ.

ಟರ್ನ್‌ಅರೌಂಡ್?
ಬಂದ ವಿಮಾನ ಮತ್ತ ಹೊಂಡೋದ್ರೊಳಗಿನ ಟೈಮು.
ನಲವತ್ತು ನಿಮಿಷ.
ನನಗ ಹನ್ನೆರಡು.
ಹನ್ನೆರಡ್ರಾಗ ಕಂಟ್ರೋಲರ್ ಸಹಿ, ಹುಸೇನಪ್ಪಗ ಚಾ,
ಆಮ್ಯಾಲ ಬೀಗ ಹಾಕಿದ ಬಾಗಿಲ ಮುಂದ ನಿಂತು
ಕೀಲಿ ಯಾರ ಹತ್ರ ಐತ್ರಿ ಅಂತ ಕೇಳೋದು.
ಇಪ್ಪತ್ತು ವರ್ಷಾತು, ಡ್ಯೂಟಿ ದಿನ
ಮುಂಜಾನೆ ನೀರು ಕುಡಿದಿಲ್ಲ ನಾನು.
ಬಾಟ್ಲಿ ಒಯ್ಯೋದು ಬಾಯಿ ಮುಕ್ಕಳಿಸಾಕ.

ಲ್ಯಾವೆಟರಿ?
ಶೌಚಾಲಯ. ಮುಂದ ಒಂದು, ಹಿಂದ ಎರಡು,
ಹಿಂದಿನವು ನಮ್ಮ ಜಂಪ್ ಸೀಟಿನ ಬಾಜೂಕೇ.
ಎಷ್ಟು ದೂರ?
ಮೂರು ಹೆಜ್ಜಿ.
ಇದು ಹಾಳಿಯಾಗ ಇರಲಿಲ್ಲ. ನಾನೇ ಕೇಳಿದ್ದು.
ಇನ್ನೊಮ್ಮೆ ಹೇಳು ಅಂದೆ.
ತಪ್ಪಾತೇನು ಅಂತ ನನ್ನ ಮುಖ ನೋಡಿ
ಮೆಲ್ಲಗ ಹೇಳಿದ್ಲು: ಮೂರು ಹೆಜ್ಜಿ.

ಕಡೀಕ ಡೆಡ್‌ಹೆಡ್.
ಸತ್ತ ತಲಿ? ಅಂದೆ.
ನಕ್ಕು ನಕ್ಕು ಕೆಮ್ಮು ಹತ್ತಿತು ಆಕಿಗೆ.
ಅಲ್ಲವ್ವಾ, ಸಿಬ್ಬಂದಿನೇ ಪ್ಯಾಸೆಂಜರ್ ಆಗಿ
ಇನ್ನೊಂದು ಊರಿನ ಡ್ಯೂಟಿಗೆ ಹೋಗೋದು,
ಹೋಗೋತನಕ ಏನೂ ಕೆಲಸ ಇರಂಗಿಲ್ಲ.

ಹಂಗಾದ್ರ ನಾನೂ ಒಂದು ಸಲ ಹೋಗೀನಿ.
ಕೆಲಸಕ್ಕ ಸೇರಿದ ಮರುವರ್ಷ, ನೀ ಹೊಟ್ಟ್ಯಾಗ,
ರಜಾ ಅರ್ಜಿ ಕೊಡಾಕ ರಾಯಚೂರು ಆಫೀಸಿಗೆ.
ಕಿಟಕಿ ಸೀಟು. ಮಾನ್ವಿ ಹತ್ತಿರಾದಂಗ
ಎರಡೂ ಕಡೆ ಭತ್ತ, ಹಸರೋ ಹಸರು, ಬೆಳ್ಳಕ್ಕಿ,
ನಮ್ಮ ರೂಟಿನಾಗ ಇಷ್ಟೆಲ್ಲಾ ಐತಿ ಅಂತ ಅವತ್ತೇ ನೋಡಿದ್ದು.
ಆದ್ರ ಸ್ಟಾಪ್ ಬಂದಾಗೊಮ್ಮೆ
ಕೈ ಸೀಟಿ ಹುಡುಕ್ತಿತ್ತು.

ಆಕಿ ಕೇಳಸ್ಕೊಂಡಳೋ ಇಲ್ಲೋ,
ಹಾಳಿ ಎದಿ ಮ್ಯಾಲೆ ಇಟ್ಕೊಂಡು ಮಲಗಿಬಿಟ್ಟಿದ್ಲು.

ನಾಳೆ ರಾಯಚೂರು ಶೆಡ್ಯೂಲ್ ಹಾಕಿಸ್ಕೊಂಡೀನಿ,
ಐದೂವರೆ ಬಸ್ಸು.
ಎಲ್ಲಾ ಹೆಣ್ಮಕ್ಕಳಿಗೆ ಹರಿದಂಗ
ಆಕಿಗೂ ಸೊನ್ನೆ ಟಿಕೆಟ್ ಹರೀಬೇಕು,
ಆಧಾರ್ ನೋಡಬೇಕು,
ಎಲ್ಲಿಗೆ ಅಂತ ಕೇಳಬೇಕು.
ಕೇಳ್ತೀನಿ.