ಎಲೆ ನೆನೆಯುವವರೆಗೆ

ಮೈಯಲ್ಲಿ ಕಬ್ಬಿಣ ಉಂಟಾ ಅಂತ ಕೇಳುವುದು ನನ್ನ ಕೆಲಸ.
ಮೂಳೆಗೆ ಹಾಕಿದ ಸ್ಕ್ರೂ, ಎದೆಯೊಳಗಿನ ಪೇಸ್‌ಮೇಕರ್,
ಸೆರಗಿಗೆ ಸಿಕ್ಕಿಸಿದ ಪಿನ್ನು.
ಸೇಸಕ್ಕ ಮಗಳ ಕಡೆ ಕೈ ತೋರಿಸಿದರು:
ಕತ್ತರಿ ಇತ್ತು. ಇವಳು ಅಡಗಿಸಿಟ್ಟಿದ್ದಾಳೆ.

ಕಂಕನಾಡಿಯ ಈ ನೆಲಮಾಳಿಗೆಗೆ
ಮುಡಿಪಿನ ಆಚೆಯಿಂದ ಎರಡು ಬಸ್ಸು ಹಿಡಿದು ಬಂದವರು.
ಮೂಗುಬೊಟ್ಟು ಬಿಚ್ಚಲು ತೆಂಗಿನೆಣ್ಣೆ ಬೇಕಾಯಿತು,
ನಲವತ್ತು ವರ್ಷದ ತಿರುಪು, ಕಚ್ಚಿಕೊಂಡಿತ್ತು.
ಮೋಹಿನಿ ಅದನ್ನು ಕರವಸ್ತ್ರದಲ್ಲಿ ಗಂಟು ಹಾಕಿ
ಚೀಟಿ ಕೊಟ್ಟಳು: ಎರಡು ವರ್ಷದಿಂದ ಮರೆವು.
ಒಲೆಯ ಮೇಲಿನ ಪಾತ್ರೆ, ಮನೆಯ ದಾರಿ, ತಂಗಿಯ ಸಾವು.
ತಂಗಿ ಸತ್ತದ್ದನ್ನು ಪ್ರತಿಸಲ ಹೊಸದಾಗಿ ಕೇಳಿ
ಹೊಸದಾಗಿ ಅಳುತ್ತಾರಂತೆ.
ಈಗ ಯಾರೂ ಹೇಳುವುದಿಲ್ಲ.
ತಂಗಿ ಮುಂಬಯಿಯಲ್ಲಿ ಇದ್ದಾಳೆ.

ಮಲಗಿಸಿದೆ. ಕಿವಿಗೆ ಹತ್ತಿ, ತಲೆಗೆ ಪಂಜರ,
ಕೈಗೆ ಕರೆಗಂಟೆಯ ರಬ್ಬರು ಉಂಡೆ.
ಇಪ್ಪತ್ತು ನಿಮಿಷ, ಅಲುಗಾಡಬಾರದು, ಆಯ್ತಾ?
ಆಯ್ತು ಅಂದರು, ಚಿಲ್ಲರೆ ಇಲ್ಲವೆಂದ ಕಂಡಕ್ಟರಿಗೆ ಹೇಳುವ ಹಾಗೆ.

ಗಾಜಿನ ಈಚೆ ಕೂತು ನೋಡಿದರೆ
ಮೊದಲ ಚಿತ್ರವೇ ಕದಡಿದೆ:
ಬುರುಡೆಯ ಅಂಚಿನಿಂದ ಹೊರಗೆ
ಅಲೆಯ ಹಿಂದೆ ಅಲೆ, ಅಲೆಯ ಹಿಂದೆ ಅಲೆ.
ಹೆದರಿಕೆಯಾ, ಚಳಿಯಾ?
ಕಾಲಿನ ಕಡೆಯ ಕ್ಯಾಮೆರಾದಲ್ಲಿ ಇಣುಕಿದೆ.

ರಬ್ಬರು ಉಂಡೆ ಪಕ್ಕಕ್ಕೆ ಬಿದ್ದಿತ್ತು.
ಕೈ ಕೆಲಸದಲ್ಲಿತ್ತು.
ಎಡಗೈಯಲ್ಲಿ ಇಲ್ಲದ ಎಲೆ,
ಬಲಗೈ ಇಲ್ಲದ ಹೊಗೆಸೊಪ್ಪು ಉದುರಿಸಿ,
ಹೆಬ್ಬೆರಳೆರಡೂ ಕೂಡಿ ಉರುಳಿಸಿ, ತುದಿ ಮಡಚಿ,
ನೂಲು ಸುತ್ತಿ, ಪಟಕ್ಕನೆ ಹರಿದು,
ತೊಡೆಯ ಪಕ್ಕ ಇಟ್ಟು,
ಮತ್ತೊಂದು.
ಎಣಿಸಿದೆ. ನಿಮಿಷಕ್ಕೆ ಮೂರು.
ಆ ಲಯ ಮಣಿಕಟ್ಟಿನಿಂದ ಹೆಗಲಿಗೆ, ಹೆಗಲಿನಿಂದ ಕತ್ತಿಗೆ ಹತ್ತಿ
ನನ್ನ ಪರದೆಯ ಮೇಲೆ ಅಲೆಯಾಗುತ್ತಿತ್ತು.

ಅಲುಗಾಡಬೇಡಿ ಅಂದೆ, ಮೈಕಿನಲ್ಲಿ,
ಕನ್ನಡದಲ್ಲಿ, ತುಳುವಿನಲ್ಲಿ, ಕೊನೆಗೆ ಸ್ವಲ್ಪ ಜೋರಾಗಿ.
ಒಳಗೆ ಹೋಗಿ ಕೈ ಹಿಡಿದೆ. ಬಿಟ್ಟ ಕೂಡಲೇ ಶುರು.
ಡಾಕ್ಟರು ಬಾಗಿಲಲ್ಲೇ ನಿಂತು
ಇಂಜೆಕ್ಷನ್ ಕೊಟ್ಟು ಮಲಗಿಸೋಣ ಎಂದರು.

ನನ್ನ ಅಮ್ಮನೂ ಬೀಡಿ ಕಟ್ಟಿದವಳು.
ನನ್ನ ಡಿಪ್ಲೊಮಾದ ಫೀಸು
ಇಪ್ಪತ್ತೈದರ ಕಟ್ಟು ಕಟ್ಟಾಗಿ ಬ್ರಾಂಚಿಗೆ ಹೋಗಿ
ನೋಟಾಗಿ ಬಂದದ್ದು.
ಅವಳ ಕೈ ಸುಮ್ಮನಿದ್ದದ್ದನ್ನು ನಾನು ಕಂಡದ್ದು
ಎಲೆ ನೀರಿನಲ್ಲಿ ಇದ್ದಷ್ಟು ಹೊತ್ತು ಮಾತ್ರ.

ಮೈಕು ಒತ್ತಿದೆ.
ಸೇಸಕ್ಕ, ಎಲೆ ಇನ್ನೂ ಚಂಡಿಯಾಗಿಲ್ಲ.

ಕೈ ನಿಂತಿತು.
ಒಂದರ ಮೇಲೊಂದು ಹೊಟ್ಟೆಯ ಮೇಲೆ ಕೂತಿತು.
ಯಂತ್ರ ಬಡಿಯಿತು,
ಬಂದರಿನಲ್ಲಿ ಬೋಟಿನ ತಳಕ್ಕೆ ಮೊಳೆ ಹೊಡೆಯುವ ಹಾಗೆ.
ನಡುವೆ ಒಮ್ಮೆ ಒಳಗಿನಿಂದ ಕೇಳಿದರು:
ಈಗ?
ಇನ್ನೂ ಸ್ವಲ್ಪ.

ಚಿತ್ರಗಳು ಒಂದೊಂದಾಗಿ ಇಳಿದವು, ತಿಳಿಯಾಗಿ.
ಓದುವುದು ನನ್ನ ಕೆಲಸವಲ್ಲ.
ಆದರೆ ಹದಿನಾಲ್ಕು ವರ್ಷ ನೋಡಿದ ಕಣ್ಣು.
ಕಿವಿಯ ನೇರಕ್ಕೆ, ಒಳಗೆ, ಎರಡೂ ಬದಿಯಲ್ಲಿ
ಕಡಲ್ಗುದುರೆಯಂತೆ ಸುರುಳಿಗೊಂಡಿರಬೇಕಾದದ್ದು
ಬತ್ತಿ ಮೂಲೆ ಸೇರಿದೆ.
ಅದು ಬಿಟ್ಟ ಜಾಗದಲ್ಲಿ ನೀರು. ಚಿತ್ರದಲ್ಲಿ ಕಪ್ಪು.
ತಂಗಿ ಸತ್ತ ದಿನ ಉಳಿಯಬೇಕಿದ್ದದ್ದು ಅಲ್ಲಿ.
ಮೇಲೆ, ನೆತ್ತಿಗೆ ಅಡ್ಡವಾಗಿ, ಕೈಯನ್ನು ಆಡಿಸುವ ಪಟ್ಟಿ
ದಪ್ಪಗೆ, ಗಟ್ಟಿಯಾಗಿ,
ಬ್ರಾಂಚಿನ ಚೆಕ್ಕರನೂ ತೆಗೆದು ಬಿಸಾಡದ ಹಾಗೆ.

ವರದಿಯಲ್ಲಿ ಅದು ಬರುವುದಿಲ್ಲ.
ಸವೆದದ್ದನ್ನು ಮಾತ್ರ ಬರೆಯುತ್ತಾರೆ, ಮಿಲಿಮೀಟರಿನಲ್ಲಿ.
ಮೋಹಿನಿ ಕೇಳಿದಳು: ಗೊತ್ತಾದ ಮೇಲೆ ಮದ್ದು ಉಂಟಾ?
ಡಾಕ್ಟರ ಹತ್ತಿರ ಕೇಳಿ ಅಂದೆ.
ಅವಳು ತಾಯಿಯ ಮೂಗಿಗೆ ತಿರುಪು ಹಾಕುತ್ತಿರುವಾಗ
ಇನ್ನೊಂದೂ ಅಂದೆ:
ಕತ್ತರಿ ಬೇಡ. ಕತ್ತರಿಸಿದ ಎಲೆ ಕೊಡಿ.

ಲಿಫ್ಟಿನ ಬಾಗಿಲಲ್ಲಿ ಸೇಸಕ್ಕ ತಿರುಗಿ ನಿಂತರು.
ನನ್ನ ಹೆಸರು ಕೇಳಲಿಲ್ಲ, ಬಂದದ್ದು ಯಾಕೆಂದೂ.
ಎಷ್ಟಾಯಿತು ಇವತ್ತು?
ಹದಿನೆಂಟು, ಅಂದೆ, ಎಣಿಸಿದ್ದು ಅಷ್ಟೇ.
ಕಟ್ಟಿಗೆ ಏಳು ಕಮ್ಮಿ,
ಅಂದರು, ತಟ್ಟನೆ.