ಹದಿನೇಳನೆಯ ಮಾದರಿ

ಕಂಕನಾಡಿ, ರಾತ್ರಿ ಎರಡೂಕಾಲು.
ನಂತೂರಿನಲ್ಲಿ ಮಗುಚಿದ ಮೀನಿನ ಲಾರಿಯ ಕ್ಲೀನರ್.
ಅಂಗಿಯಲ್ಲಿನ್ನೂ ಐಸಿನ ನೀರು.
ಹಾಕಿದ ಬಟ್ಟೆಯೆಲ್ಲ ತೋಯ್ದು ಕೆಂಪು.

ನನ್ನ ಪಾಲಿಗೆ ಎರಡು ಯಂತ್ರ.
ಹಳೆಯದು ಕೆಳಮಹಡಿಯಲ್ಲಿ, ಮುಕ್ಕಾಲು ಗಂಟೆ ಕೇಳುತ್ತದೆ,
ಸುಳ್ಳಾಡುವುದಿಲ್ಲವೆಂದು ಹೆಸರು.
ಹೊಸದು ಮಂಚದ ಪಕ್ಕದಲ್ಲೇ, ಟಿಫಿನ್ ಡಬ್ಬಿಯಷ್ಟು.
ಹತ್ತು ನಿಮಿಷ ಸಾಕಂತೆ.
ನಂಬಬಹುದೋ ಇಲ್ಲವೋ,
ಅದನ್ನು ತಿಳಿಯುವುದೇ ನನ್ನ ಈ ವರ್ಷದ ಸಂಬಳ.

ಪರದೆಯಲ್ಲಿ ಒಂದೇ ಗೆರೆ ಹೊರಟು
ಎರಡಾಗಿ ಉಬ್ಬಬೇಕು, ಬಂಗುಡೆಯ ಮೈಯ ಹಾಗೆ.
ಬೆಂಗ್ರೆಯಲ್ಲಿ ಹುಟ್ಟಿದವಳು, ಬೇರೆ ಹೋಲಿಕೆ ತೋಚದು.
ಇವನದು ಉಬ್ಬಲೇ ಇಲ್ಲ.
ಬೊಳೆಂಜಿರ್‌ಗಿಂತ ಸಪೂರ.

ಡಾಕ್ಟರ್ ಪ್ರೆಸಿಲ್ಲಾ ಪರದೆ ನೋಡಿದರು, ನನ್ನನ್ನು ನೋಡಿದರು.
ಅಧ್ಯಯನ ಮುಗಿಯುವ ತನಕ
ಇದನ್ನು ನೋಡಿ ಚಿಕಿತ್ಸೆ ಕೊಡುವಂತಿಲ್ಲ.
ಆ ಕಾಗದದಲ್ಲಿ ಸಹಿ ನಮ್ಮಿಬ್ಬರದೂ.

ಗಾಜಿನ ಕೊಳವೆಗೆ ಅವನ ರಕ್ತ ಹಾಕಿ
ಮುಷ್ಟಿಯಲ್ಲಿ ಬೆಚ್ಚಗೆ ಹಿಡಿದು ನಿಂತರು.
ಅಮ್ಮ ಬೆಳಿಗ್ಗೆ ಮೊಸರಿನ ಪಾತ್ರೆ ನೋಡುವಂತೆ
ಆಗಾಗ ವಾಲಿಸಿದರು.
ಹೆಪ್ಪಿಲ್ಲ. ಮತ್ತೆ ವಾಲಿಸಿದರು. ಹಾಲು, ಬರೀ ಹಾಲು.
"ಪ್ಲಾಸ್ಮಾ ತರಿಸಿ. ಯಾರ ಯಂತ್ರಕ್ಕೂ ಕಾಯುವುದು ಬೇಡ."

ಮೂರು ದಾಟಿ ಕೆಳಗಿನ ವರದಿ ಬಂತು.
ಹೊಸದು ಹೇಳಿದ್ದೇ ಸರಿ.
ಬರೆದುಕೊಂಡೆ: ಹದಿನೇಳು, ತಾಳೆಯಾಗುತ್ತದೆ.
ಮುಷ್ಟಿಗೆ ಕಾಲಂ ಇಲ್ಲ.

ಬಾಗಿಲಲ್ಲಿ ಲಾರಿಯ ಡ್ರೈವರ್, ಹಣೆಗೆ ಪಟ್ಟಿ:
"ಮಿಷಿನ್ ಎಂತ ಹೇಳ್ತದೆ, ಅಕ್ಕಾ?"
ಚಾ ಕುಡಿಯಿರಿ ಅಂದೆ.
ಒಳಗೆ ಇನ್ನೂ ಹೊಲಿಯುತ್ತಿದ್ದರು.